ಗ್ಯಾಸ್ ಬಂದ್ರೂ ಅಡಗಿಮನ್ಯಾಗ ಹೊಗಿ ಐತೇನ್ರಿ? ಹಿಂಗ ಮಾಡಿ ನೋಡ್ರಿ

ನಾವು ಹುನಗುಂದ ಕಡೆಯವ್ರು. 2016ರಾಗ ಬಡವ್ರ ಮನಿಗೆ ಗ್ಯಾಸ್ ಕೊಡೋ ಸರಕಾರದ ಉಜ್ವಲಾ ಯೋಜನೆ ಶುರು ಆದ ಮ್ಯಾಲ ನಮ್ಮ ಓಣ್ಯಾಗ ಮನಿಮನಿಗೆ ಸಿಲಿಂಡರ್ ಬಂತು, ಖರೆ. ಆದ್ರ ಗ್ಯಾಸಿನ ಮ್ಯಾಲ ಆಗೂದು ಚಹಾ, ಅನ್ನ, ಪಲ್ಯ ಅಷ್ಟ. ರೊಟ್ಟಿ ಮತ್ತ ಜಳಕದ ನೀರು ಇನ್ನೂ ಒಲಿ ಮ್ಯಾಲನ, ದಿನಾ ತಾಸಗಟ್ಟಲೆ ಉರಿಯೂದೂ ಇವ ಎರಡು. ಅದಕ್ಕ ಮೊದಲು ಒಂದು ದಿನ ಕುಂತು ಲೆಕ್ಕಾ ಹಾಕ್ರಿ, ನಿಮ್ಮನ್ಯಾಗ ಒಲಿ ಎಷ್ಟೊತ್ತು ಉರೀತೈತಿ, ಯಾವ ಕೆಲಸಕ್ಕ, ಆಗ ಹೊಗಿ ಮುಂದ ಕುಂತವ್ರು ಯಾರು ಅಂತ.

ಯಾಕ ಇಷ್ಟು ಹೇಳಾಕತ್ತೀನಂದ್ರ ಹೊಗಿ ಬರೇ ಕಣ್ಣುರಿ ಅಲ್ರಿ. ಅದರಾಗಿನ ಸಣ್ಣ ಕಣಕ್ಕ ಪಿಎಂ 2.5 ಅಂತಾರ, ತಲಿಗೂದಲಕ್ಕಿಂತ ಸುಮಾರು 30 ಪಟ್ಟು ಸಣ್ಣದು, ಮೂಗಿನ್ಯಾಗ ನಿಲ್ಲೂದಿಲ್ಲ, ಸೀದಾ ಪುಪ್ಪಸದ ತಳಕ್ಕ ಇಳಿದು ಅಲ್ಲಿಂದ ರಕ್ತಕ್ಕೂ ಸೇರತೈತಿ. ಸೆರಗು ಮೂಗಿಗೆ ಒತ್ತಿ ಹಿಡಿದ್ರ ಅದು ತಡಿಯೂದಿಲ್ಲ. ವರ್ಷಗಟ್ಟಲೆ ಹೊಗಿ ಕುಡದವ್ರಿಗೆ ಸಿಒಪಿಡಿ ಅನ್ನೋ ದಮ್ಮಿನ ಜಡ್ಡು, ಕಣ್ಣಿಗೆ ಪೊರಿ, ಹೃದಯದ ತ್ರಾಸ, ಲಕ್ವಾ, ಬಸರಿದ್ದಾಗ ಕುಡದ್ರ ಕೂಸಿನ ತೂಕ ಕಡಿಮಿ, 5 ವರ್ಷದೊಳಗಿನ ಮಕ್ಕಳಿಗೆ ನ್ಯುಮೋನಿಯಾ. 2020ರಾಗ ಜಗತ್ತಿನ್ಯಾಗ 32 ಲಕ್ಷ ಮಂದಿ ಮನಿಯೊಳಗಿನ ಹೊಗಿಯಿಂದ ಸತ್ರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಐತಿ.

ಈಗ ರೊಟ್ಟಿ ಮಾತಿಗೆ ಬರ್ತೀನಿ, ಜಗಳ ಇರೂದ ಅಲ್ಲಿ. "ಗ್ಯಾಸಿನ ಮ್ಯಾಲ ರೊಟ್ಟಿ ಉಬ್ಬೂದಿಲ್ಲ" ಅಂತ ನಮ್ಮವ್ವನೂ ಅಂತಿದ್ಲು. ಸಣ್ಣ ಬರ್ನರ್ ಮ್ಯಾಲ ತೆಳ್ಳನ ತವಾ ಇಟ್ರ ನಡಕಷ್ಟ ಹೊತ್ತತೈತಿ, ಅಂಚು ಹಸಿ ಉಳೀತೈತಿ. ದೊಡ್ಡ ಬರ್ನರಿಗೆ ದಪ್ಪನ ಕಬ್ಬಿಣದ ಹಂಚು ಇಟ್ಟು, ಚೊಲೋ ಕಾಯಿಸಿ, ರೊಟ್ಟಿ ತಿರುಗಿಸ್ಕೋತ ಅರಿವಿಲೆ ಒತ್ರಿ, ಉಬ್ಬತೈತಿ. ಆದ್ರೂ ಹತ್ತು ಮಂದಿ ಉಣ್ಣೋ ಮನ್ಯಾಗ ದಿನಾ ಗ್ಯಾಸ್ ಸುಡಾಕ ರೊಕ್ಕ ಎಲ್ಲಿಂದ ತರೂದು ಅಂತೀರಿ, ಅದೂ ಖರೆ. ಅಂಥವ್ರು ವಾರಕ್ಕ ಒಂದು ದಿನ ಅಂಗಳದ ಒಲಿ ಮ್ಯಾಲ ಖಡಕ್ ರೊಟ್ಟಿ ಬಡದು ಪುಟ್ಟಿ ತುಂಬಿಸಿಡ್ರಿ, ಬಿಸಿ ರೊಟ್ಟಿ ಬೇಕಾದಷ್ಟ ಗ್ಯಾಸಿನ ಮ್ಯಾಲ ಮಾಡ್ರಿ. ಏಳು ದಿನದ ಹೊಗಿ ಒಂದು ದಿನಕ್ಕ ಬಂತು, ಅದೂ ಬಯಲಾಗ.

ನೀರಿನ ಒಲಿ ಮನಿ ಒಳಗ ಬ್ಯಾಡಾನ ಬ್ಯಾಡ, ಹಿತ್ತಲಕ್ಕ ಹಾಕ್ರಿ. ನಮ್ಮ ಬಾಗಲಕೋಟಿ ಬಿಸಿಲಿಗೆ ಬ್ಯಾಸಗ್ಯಾಗ ಕರಿ ಡ್ರಮ್ಮಿನ್ಯಾಗ ನೀರ ತುಂಬಿ ಮಾಳಗಿ ಮ್ಯಾಲ ಇಟ್ರ ಸಂಜಿಗೆ ಜಳಕಕ್ಕ ಸಾಕು.

ಒಲಿ ಒಳಗ ಇರಲೇಬೇಕು ಅನ್ನೋರು ಹೊಗಿ ಮ್ಯಾಲ ಹೋಗೂ ದಾರಿ ಮಾಡ್ರಿ. ಮಳಿಗಾಲಕ್ಕ ಬೆಳಕಿಂಡಿ ಮುಚ್ಚಿದವ್ರು ತಗಿಯೂದ ಮರೀತಾರ, ಜಂತಿ ಎಲ್ಲಾ ಮಸಿ ಹಿಡೀತಾವ. ಪೈಪಿನ ಒಲಿ ಇನ್ನೂ ಚೊಲೋ. 1980ರ ದಶಕದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವ್ರು ತಯಾರು ಮಾಡಿದ ಅಸ್ತ್ರ ಒಲಿ ಅಂಥಾದ್ದು, ಮೂರು ಪಾತ್ರಿ ಇಡಬಹುದು, ಕಟ್ಟಿಗಿ ಕಡಿಮಿ, ಹೊಗಿ ಪೈಪಿನಿಂದ ಹೊರಗ. ಪೈಪು ಮಾಳಗಿಗಿಂತ ಮ್ಯಾಲ ಹೋಗಿರ್ಬೇಕು, ಆಗಾಗ ಮಸಿ ಉದುರಿಸ್ಬೇಕು, ಇಲ್ಲಂದ್ರ ಪೈಪು ಕಟ್ಟಿ ಹೊಗಿ ಮತ್ತ ಮಾರಿಗೆ ಬರತೈತಿ.

ಹಸಿ ಕಟ್ಟಿಗಿ ಹಾಕಿ ಊದ್ಕೋತ ಕುಂದ್ರಬ್ಯಾಡ್ರಿ. ಹತ್ತಿಕಟ್ಟಿಗಿ, ಜಾಲಿ, ಕುಳ್ಳು ಏನಿದ್ರೂ ಮಳಿ ಬರೂಕಿಂತ ಮೊದಲು ಒಣಗಿಸಿ ಸೂರಿನ ಕೆಳಗ ಒಟ್ರಿ. ಒಲಿ ಹೊತ್ತಸಾಕ ಪ್ಲಾಸ್ಟಿಕ್ ಚೀಲ ಬಳಸಬ್ಯಾಡ್ರಿ, ಅದು ವಿಷದ ಹೊಗಿ. ಬ್ಯಾಳಿ, ಕಾಳು ನೆನಸಿ ಕುಕ್ಕರಿಗೆ ಹಾಕ್ರಿ. ಒಲಿ ಮುಂದ ತೊಡಿ ಮ್ಯಾಲ ಕೂಸಿನ್ನ ಹಾಕ್ಕೊಂಡು ಕುಂದ್ರೂದಂತೂ ಇವತ್ತ ಬಿಡ್ರಿ, ಬಸರಿ ಸೊಸಿನ್ನ ಒಲಿ ಮುಂದ ಕುಂಡ್ರಸಬ್ಯಾಡ್ರಿ.

ಗ್ಯಾಸಿನ ವಾಸನಿ ಬಂದ್ರ ರೆಗ್ಯುಲೇಟರ್ ಬಂದ್ ಮಾಡಿ, ಲೈಟಿನ ಬಟನ್ ಮುಟ್ಟದ, ಬಾಗಲಾ ತಗದು ಹೊರಗ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕ ಫೋನ್ ಹಚ್ರಿ.

ಇನ್ನೊಂದು. ಕೆಮ್ಮು ಹೋಗದಿದ್ರ, ನಾಕು ಮೆಟ್ಟಲಕ್ಕ ಉಸಿರು ಕಟ್ಟಿದ್ರ, ತಂಡಿ ಅಂತ ಕಷಾಯ ಕುಡಕೋತ ಕುಂದ್ರಬ್ಯಾಡ್ರಿ. ನಮ್ಮವ್ವಗ ಡಾಕ್ಟರ್ ಕೇಳಿದ್ದು ಬೀಡಿ ಸೇದ್ತೀಯೇನವಾ ಅಂತ, ಆಕಿ ಇಲ್ಲಂದ್ಲು, ಮಾತು ಅಲ್ಲಿಗೇ ಮುಗೀತು. ನೀವು ಡಾಕ್ಟರ್ ಕೇಳೂ ತನಕಾ ಕಾಯಬ್ಯಾಡ್ರಿ, ಇಷ್ಟು ವರ್ಷ ಒಲಿ ಮುಂದ ಕುಂತೀನ್ರೀ ಅಂತ ನೀವಾಗೇ ಹೇಳ್ರಿ, ನಳಿಗಿ ಊದಿಸಿ ನೋಡೋ ಸ್ಪೈರೋಮೆಟ್ರಿ ಪರೀಕ್ಷೆ ಬೇಕೇನು ಅಂತ ಕೇಳ್ರಿ.