ಜಪಾನಿ, ಅರಬಿ, ಚೀನಿ, ಸ್ವಾಹಿಲಿ: ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳು ಓದಲು ಹೊರಟರೆ

ಪ್ಲಸ್ ಟು ಫಲಿತಾಂಶ ಬಂದ ಮೇಲೆ ಹುಡುಕಲು ಶುರುಮಾಡಿದರೆ ಈ ಓದಿನ ಅರ್ಧ ಬಾಗಿಲು ಆಗಲೇ ಮುಚ್ಚಿರುತ್ತದೆ. ಹೆಚ್ಚಿನ ಕೇಂದ್ರೀಯ ವಿಶ್ವವಿದ್ಯಾಲಯಗಳ ಬಿಎ ಪ್ರವೇಶಕ್ಕೆ ಬೇಕಾದ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಯುಇಟಿಯ ಅರ್ಜಿಯ ಅವಧಿ ಫಲಿತಾಂಶಕ್ಕಿಂತ ಎಷ್ಟೋ ಮೊದಲೇ ಮುಗಿದುಹೋಗುತ್ತದೆ. ಎರಡನೇ ವರ್ಷದ ಓಣಂ ರಜೆ ಮುಗಿಯುವುದರೊಳಗೆ ಯಾವ ಭಾಷೆ ಎಂದು ತೀರ್ಮಾನಿಸಿಬಿಡಿ. ಕಾಲೇಜಿನ ಪ್ರಶ್ನೆ ಆಮೇಲಿನದು, ಏಕೆಂದರೆ ಒಂದೊಂದು ಭಾಷೆಗೂ ಊರು ಬೇರೆ, ದಾರಿ ಬೇರೆ.

ಅರಬಿಗೆ ದೂರ ಹೋಗಬೇಕಾಗಿಲ್ಲ. ಕಣ್ಣೂರು ಮತ್ತು ಕಲ್ಲಿಕೋಟೆ ವಿಶ್ವವಿದ್ಯಾಲಯಗಳ ಕಾಲೇಜುಗಳಲ್ಲಿ ಬಿಎ ಅರಬಿಯೂ ಇದೆ, ಅರಬಿ ಸಾಹಿತ್ಯ, ಇಸ್ಲಾಮೀ ಅಧ್ಯಯನದ ಅಫ್ಜಲುಲ್ ಉಲಮಾ ಕೋರ್ಸೂ ಇದೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿರುವುದರಿಂದ, ಕಾಲೇಜಿನಲ್ಲಿ ವಿಭಾಗವಿದ್ದರೆ ಇತಿಹಾಸವನ್ನೋ ಕನ್ನಡವನ್ನೋ ಮೇಜರ್ ಮಾಡಿಕೊಂಡು ಅರಬಿಯನ್ನು ಮೈನರ್ ಆಗಿಯೂ ಓದಬಹುದು. ಜಪಾನಿ, ಕೊರಿಯನ್, ಚೀನಿ ಬೇಕೆಂದರೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಅಂದರೆ ಜೆಎನ್‌ಯು ಇದೆ. ಅಲ್ಲಿ ಪರ್ಷಿಯನ್ ಕೂಡ ಇದೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇಫ್ಲುವಿನಲ್ಲಿ ಅರಬಿ, ಜಪಾನಿ ಇವೆ. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಚೀನಾ ಭವನ 1937ರಿಂದಲೇ ನಡೆಯುತ್ತಿದೆ. ಸ್ವಾಹಿಲಿಯಲ್ಲೇ ಬಿಎ ಮಾಡುತ್ತೇನೆಂದು ಇಲ್ಲಿ ಹುಡುಕಿ ಸಮಯ ಕಳೆಯಬೇಡಿ. ದೆಹಲಿ ವಿಶ್ವವಿದ್ಯಾಲಯದ ಆಫ್ರಿಕನ್ ಅಧ್ಯಯನ ವಿಭಾಗದಲ್ಲಿ ಅದನ್ನು ಸರ್ಟಿಫಿಕೇಟ್ ಕೋರ್ಸಾಗಿ ಕಲಿಸುತ್ತಾರೆ. ಇತಿಹಾಸದಲ್ಲೋ ರಾಜಕೀಯ ಶಾಸ್ತ್ರದಲ್ಲೋ ಪದವಿ ಇಟ್ಟುಕೊಂಡು ಭಾಷೆಯನ್ನು ಪಕ್ಕದಲ್ಲಿ ಸೇರಿಸಿಕೊಳ್ಳುವುದೇ ಸರಿಯಾದ ದಾರಿ.

ಸಿಯುಇಟಿಯಲ್ಲಿ ಹೆಚ್ಚಿನವರು ಎಡವುವುದು ಪತ್ರಿಕೆಗಳ ಆಯ್ಕೆಯಲ್ಲಿ. 2025ರಿಂದ ಒಬ್ಬರು ಗರಿಷ್ಠ ಐದು ಪತ್ರಿಕೆಗಳನ್ನಷ್ಟೇ ಬರೆಯಬಹುದು. ಕನ್ನಡವನ್ನು ಭಾಷಾ ಪತ್ರಿಕೆಯಾಗಿಯೂ ತೆಗೆದುಕೊಳ್ಳಬಹುದು, ಉಳಿದ ವಿಷಯಗಳನ್ನು ಕನ್ನಡ ಮಾಧ್ಯಮದಲ್ಲಿಯೂ ಬರೆಯಬಹುದು. ಆದರೆ ಅಂಕ ಲೆಕ್ಕಕ್ಕೆ ಬರಬೇಕಾದರೆ ಆ ಕೋರ್ಸು ಕೇಳುವ ಪತ್ರಿಕೆಯನ್ನೇ ನೀವು ಬರೆದಿರಬೇಕು. ವಿದೇಶಿ ಭಾಷೆಯ ಬಿಎ ಇಂಗ್ಲಿಷ್ ಪತ್ರಿಕೆ ಕೇಳಿದಲ್ಲಿ ಕನ್ನಡದಲ್ಲಿ ಪೂರ್ತಿ ಅಂಕ ತೆಗೆದರೂ ಉಪಯೋಗವಿಲ್ಲ. ಅರ್ಜಿ ತುಂಬುವ ಮೊದಲು ನಿಮಗೆ ಬೇಕಾದ ಮೂರ್ನಾಲ್ಕು ವಿಶ್ವವಿದ್ಯಾಲಯಗಳ ಆ ವರ್ಷದ ಪ್ರಕಟಣೆಗಳನ್ನು ಮುಂದಿಟ್ಟುಕೊಳ್ಳಿ, ಪ್ರವೇಶ ಯಾವ ಪರೀಕ್ಷೆಯಿಂದ, ಯಾವ ಪತ್ರಿಕೆಗಳು ಎಂದು ಒಂದು ಹಾಳೆಯಲ್ಲಿ ಕೋಷ್ಟಕ ಮಾಡಿ, ಎಲ್ಲ ಕಡೆಗೂ ಹೊಂದುವ ಐದನ್ನು ಆರಿಸಿ. ಕಳೆದ ವರ್ಷದ ಪ್ರಕಟಣೆಯನ್ನು ನಂಬಬೇಡಿ.

ಕಾಗದಪತ್ರದ್ದು ಇನ್ನೊಂದು ತಲೆನೋವು. ಒಬಿಸಿ ಮೀಸಲಾತಿ ಇರುವವರು ಗಮನಿಸಬೇಕು: ಕೇರಳದ ಪಟ್ಟಿಯೇ ಬೇರೆ, ಕೇಂದ್ರದ ಪಟ್ಟಿಯೇ ಬೇರೆ. ಊರಿನ ಕಾಲೇಜಿಗೆ ಕೊಟ್ಟ ಜಾತಿ ಪ್ರಮಾಣಪತ್ರ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯ ನಾನ್ ಕ್ರೀಮಿ ಲೇಯರ್ ಪ್ರಮಾಣಪತ್ರವೇ ಬೇಕು, ಅದೂ ಸಾಮಾನ್ಯವಾಗಿ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದಾಗಿರಬೇಕು. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುವಾಗಲೇ "ಕೇಂದ್ರ ಸರಕಾರದ ಉದ್ದೇಶಕ್ಕೆ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ರಾಜ್ಯದ್ದೇ ಬರುವ ಸಾಧ್ಯತೆ ಹೆಚ್ಚು. ಎಸ್‌ಎಸ್‌ಎಲ್‌ಸಿಯಲ್ಲಿ ಇನಿಷಿಯಲ್, ಆಧಾರಿನಲ್ಲಿ ತಂದೆಯ ಪೂರ್ತಿ ಹೆಸರು ಇರುವುದು ನಮ್ಮ ಕಡೆ ಸಾಮಾನ್ಯ. ಅರ್ಜಿಗೆ ಮೊದಲೇ ಆಧಾರನ್ನು ಎಸ್‌ಎಸ್‌ಎಲ್‌ಸಿಗೆ ಸರಿಯಾಗಿ ತಿದ್ದಿಸಿ.

ಇನ್ನು ಓದಿನ ವಿಷಯ. ಇಲ್ಲಿಯ ಹುಡುಗ ಹುಡುಗಿಯರು ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುತ್ತಾರೆ. ಅಷ್ಟೆಲ್ಲ ಇದ್ದರೂ ತರಗತಿಗೆ ಹೋದ ಕೂಡಲೇ ಎಲ್ಲವನ್ನೂ ಇಂಗ್ಲಿಷ್ ವ್ಯಾಕರಣದ ಮೂಲಕವೇ ಅರ್ಥಮಾಡಿಕೊಳ್ಳಲು ಹೊರಡುತ್ತಾರೆ. ದೊಡ್ಡ ನಷ್ಟ ಆಗುವುದು ಅಲ್ಲೇ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಸ್ವಾಹಿಲಿಗೆ ಸುಮಾರು 36 ವಾರದ ತರಗತಿ, ಜಪಾನಿ, ಕೊರಿಯನ್, ಚೀನಿ, ಅರಬಿಗಳಿಗೆ 88 ವಾರ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕ ಇಂಗ್ಲಿಷ್ ಮನೆಮಾತಿನವರದು, ನಮ್ಮದಲ್ಲ.

ಜಪಾನಿಯನ್ನೇ ನೋಡಿ. "ಕಿನೋ ಯೊಂದ ಹೊನ್" ಎಂದರೆ "ನಿನ್ನೆ ಓದಿದ ಪುಸ್ತಕ". ಪದದ ಕೆಳಗೆ ಪದ ಇಟ್ಟರೆ ಸಾಲು ಸರಿಹೊಂದುತ್ತದೆ. "ಅಸ ಒಕಿತೆ, ಗೊಹನ್ ಒ ತಬೆತೆ, ಗಕ್ಕೋ ಎ ಇಕು" ಎನ್ನುವುದು "ಬೆಳಗ್ಗೆ ಎದ್ದು, ಅನ್ನವನ್ನು ತಿಂದು, ಶಾಲೆಗೆ ಹೋಗುವುದು". ನಮ್ಮ ಎದ್ದು, ತಿಂದು ಮಾಡುವ ಕೆಲಸವನ್ನೇ ಅಲ್ಲಿ "ತೆ" ರೂಪ ಮಾಡುತ್ತದೆ. ಇಂಗ್ಲಿಷ್ ಪಠ್ಯಪುಸ್ತಕ ಇದಕ್ಕೆ ಒಂದು ಪಾಠವನ್ನೇ ಮೀಸಲಿಡುತ್ತದೆ, ನೀವು ಹತ್ತು ನಿಮಿಷದಲ್ಲಿ ಮುಗಿಸಬಹುದು. ಹಾಗಾಗಿ ಮೊದಲ ಸೆಮಿಸ್ಟರಿನ ನೋಟ್ಸ್‌ನಲ್ಲಿ ಪ್ರತಿ ಜಪಾನಿ ವಾಕ್ಯದ ಕೆಳಗೆ ಕನ್ನಡ ಸಾಲು ಬರೆಯಿರಿ. ಉಚ್ಚಾರದಲ್ಲೂ ಹ್ರಸ್ವ, ದೀರ್ಘ, ಒತ್ತಕ್ಷರ ಕಿವಿಗೆ ಪಳಗಿರುವುದು ಲಾಭವೇ. "ಒಬಸನ್" ಅತ್ತೆ ಅಥವಾ ಚಿಕ್ಕಮ್ಮ, "ಒಬಾಸನ್" ಅಜ್ಜಿ. "ಕಿತೆ" ಬೇರೆ, ಅಂಚೆಚೀಟಿಯ "ಕಿತ್ತೆ" ಬೇರೆ.

ಕಷ್ಟ ಇರುವುದು ಬರವಣಿಗೆಯಲ್ಲಿ. ಜಪಾನಿಯ ಎರಡು ಅಕ್ಷರಮಾಲೆಗಳಲ್ಲಿ ಹಿರಗಾನ 46, ಕತಕಾನ 46, ಎರಡನ್ನೂ ತರಗತಿ ಶುರುವಾಗುವ ಮೊದಲೇ ಮುಗಿಸಿಕೊಳ್ಳಿ. ದಿನಕ್ಕೆ ಐದರಂತೆ ಹೋದರೆ ಮೂರು ವಾರ ಸಾಕು. ಚೀನಾದಿಂದ ಬಂದ ಚಿತ್ರಾಕ್ಷರಗಳು ಕಾಂಜಿ, ನಿತ್ಯಬಳಕೆಯ ಕಾಂಜಿಗಳ ಅಧಿಕೃತ ಪಟ್ಟಿಯಲ್ಲಿ 2,136 ಇವೆ. ಪದವಿಯ ಮೂರು ವರ್ಷಕ್ಕೆ ಹಂಚಿದರೆ ದಿನಕ್ಕೆ ಎರಡು ಬೀಳುತ್ತವೆ. ಪರೀಕ್ಷೆಯ ವಾರದಲ್ಲಿ ಇನ್ನೂರು ಕಲಿಯುತ್ತೇನೆಂದರೆ ಮುಂದಿನ ತಿಂಗಳಿಗೆ ಇಪ್ಪತ್ತೂ ಉಳಿಯುವುದಿಲ್ಲ. ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯದ ಪರೀಕ್ಷೆ ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ, ನಮಗೆ ಬೆಂಗಳೂರು ಅಥವಾ ಚೆನ್ನೈ ಅನುಕೂಲ. ಆರಂಭದ ಹಂತವಾದ ಎನ್5ಕ್ಕೆ 180ರಲ್ಲಿ 80 ಬೇಕು, ಅದರಲ್ಲಿ ಆಲಿಸುವ ಭಾಗಕ್ಕೇ 60ರಲ್ಲಿ 19 ಕಡ್ಡಾಯ. ಓದಿನಲ್ಲಿ ಜಾಣರಾದವರು ಫೇಲಾಗುವುದು ಈ 19ರಲ್ಲಿ. ದಿನಕ್ಕೆ ಹದಿನೈದು ನಿಮಿಷ ಬರೀ ಕೇಳುವುದನ್ನು ಮೊದಲ ವಾರದಿಂದಲೇ ರೂಢಿಸಿಕೊಳ್ಳಿ.

ಚೀನಿಯಲ್ಲಿ ಪದದ ಅರ್ಥವನ್ನೇ ಬದಲಿಸುವ ನಾಲ್ಕು ಬಗೆಯ ದನಿಯ ಏರಿಳಿತಗಳ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಎಚ್ಚರಿಸದ ವಿಷಯ ಇನ್ನೊಂದಿದೆ. ಚೀನಿಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್‌ನ "ಬಿ" ನಮ್ಮ ಬ ಅಲ್ಲ, ಪ. "ಪಿ" ಎನ್ನುವುದು ಮಹಾಪ್ರಾಣದ ಫ. "ಡಿ" ಮತ್ತು "ಟಿ" ಜೋಡಿಯದೂ ಇದೇ ಕಥೆ. ಕರಾವಳಿಯಲ್ಲಿ ಮಾತಾಡುವಾಗ ನಾವು ಮಹಾಪ್ರಾಣವನ್ನು ನುಂಗಿಬಿಡುತ್ತೇವೆ, ಫ ಬಂದಲ್ಲಿ ತುಟಿ ಕಚ್ಚುತ್ತೇವೆ. ಯಕ್ಷಗಾನದ ಅರ್ಥಧಾರಿಗಳ ಹಾಗೆ ಉಸಿರು ಕೊಟ್ಟು ಹೇಳಿ ಅಭ್ಯಾಸ ಮಾಡಿದರೆ ಸರಿಯಾಗುತ್ತದೆ.

ಅರಬಿಗೆ ಮದರಸದಲ್ಲಿ ಕಲಿತವರಿಗೆ ಲಿಪಿ ಬರುತ್ತದೆ, ಓದಲೂ ಬರುತ್ತದೆ. ಆದರೆ ಪಾರಾಯಣ ಬೇರೆ, ಸ್ವರಚಿಹ್ನೆಯಿಲ್ಲದ ದಿನಪತ್ರಿಕೆ ಓದಿ ಅರ್ಥ ಹೇಳುವುದು ಬೇರೆ. ಹೊಸಬರು 28 ಅಕ್ಷರಗಳನ್ನೂ ಪದದ ಆದಿ, ಮಧ್ಯ, ಅಂತ್ಯದ ರೂಪಗಳೊಂದಿಗೆ ಕಲಿಯಬೇಕು. ಮೊದಲ ವಾರ ಕಳೆದ ಮೇಲೆ ಅರಬಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲೇಬೇಡಿ. ಸೀನ್ ಮತ್ತು ಸ್ವಾದ್, ಕಾಫ್ ಮತ್ತು ಖಾಫ್ ಎಂಬ ಜೋಡಿಗಳು ನಮ್ಮ ಲಿಪಿಯಲ್ಲಿ ಕಲಸಿಹೋಗುತ್ತವೆ. ನಿಘಂಟನ್ನು ಧಾತುವಿನಿಂದ ನೋಡುವುದನ್ನು ಬೇಗ ಕಲಿಯಿರಿ. ಗ್ರಂಥಾಲಯ ಎಂಬರ್ಥದ "ಮಕ್ತಬ"ವನ್ನು ಮಕಾರದಲ್ಲಿ ಹುಡುಕಿದರೆ ಹಲವು ನಿಘಂಟುಗಳಲ್ಲಿ ಸಿಗದು, ಕ-ತ-ಬ ಧಾತುವಿನ ಕೆಳಗೆ ಸಿಗುತ್ತದೆ.

ಅರಬಿಯ ಕಿತಾಬ್ ಸ್ವಾಹಿಲಿಗೆ ಹೋಗಿ "ಕಿತಾಬು" ಆಯಿತು. ಅಲ್ಲಿಯ ನಾಮಪದಗಳಿಗೆ ವರ್ಗಗಳಿವೆ, ಈ ಪದದ ವರ್ಗದಲ್ಲಿ "ಕಿ" ಏಕವಚನದ ಗುರುತು, "ವಿ" ಬಹುವಚನದ್ದು. ಹಾಗಾಗಿ ಒಳ್ಳೆಯ ಪುಸ್ತಕ "ಕಿತಾಬು ಕಿಝುರಿ", ಒಳ್ಳೆಯ ಪುಸ್ತಕಗಳು "ವಿತಾಬು ವಿಝುರಿ". ಪದವನ್ನು ಒಂಟಿಯಾಗಿ ಕಲಿತರೆ ಇಡೀ ವಾಕ್ಯ ಕೆಡುತ್ತದೆ, ಪ್ರತಿ ಪದವನ್ನೂ ಬಹುವಚನದ ಜೊತೆಗೇ ಬರೆದಿಡಿ. ಗಡಿಯಾರ ಸೂರ್ಯೋದಯದಿಂದ ಶುರುವಾಗುತ್ತದೆ, "ಸಾ ಮೋಜ" ಅಂದರೆ ಒಂದು ಗಂಟೆ, ನಮ್ಮ ಬೆಳಗಿನ ಏಳು.

ಸಂಸ್ಕೃತಿ, ಇತಿಹಾಸದ ಪತ್ರಿಕೆಗಳ ಪಾಠ ಇಂಗ್ಲಿಷಿನಲ್ಲೇ ಇರುತ್ತದೆ, ದೆಹಲಿಯಲ್ಲಿ ಹಿಂದಿಯೂ ಬೆರೆಯುವುದುಂಟು. ಕನ್ನಡ ಮಾಧ್ಯಮದವರು ಬಸವಳಿಯುವುದು ಭಾಷಾ ತರಗತಿಯಲ್ಲಲ್ಲ, ಇಲ್ಲಿ. ಸೇರುವ ಮೊದಲಿನ ರಜೆಯಲ್ಲಿ ದಿನಕ್ಕೆ ಐದು ಪುಟ ಇಂಗ್ಲಿಷ್ ಇತಿಹಾಸ ಪುಸ್ತಕ ಓದಿ, ಪ್ರತಿ ಪುಟವನ್ನು ಎರಡು ಸಾಲಿಗಿಳಿಸಿ. ಪ್ರಬಂಧಕ್ಕೆ ವಿಷಯ ಹುಡುಕುವಾಗ ಮಾತ್ರ ನಿಮಗೆ ಊರೇ ಬಂಡವಾಳ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಕೈರೋದ ಯಹೂದಿ ಪ್ರಾರ್ಥನಾಮಂದಿರದ ಹಳೆಯ ಕಾಗದಪತ್ರಗಳ ಗೆನಿಝಾ ಸಂಗ್ರಹದಲ್ಲಿ ಸಿಕ್ಕಿವೆ, ಭಾಷೆ ಅರಬಿ, ಲಿಪಿ ಹೀಬ್ರೂ. 14ನೇ ಶತಮಾನದಲ್ಲಿ ಇಬ್ನ್ ಬತೂತ ಮಂಗಳೂರಿಗೂ ಏಳಿಮಲೆಯ ಕಡೆಗೂ ಬಂದದ್ದನ್ನು ಬರೆದಿಟ್ಟಿದ್ದಾನೆ. ಆಫ್ರಿಕಾ ಮೂಲದ ಸಿದ್ದಿಗಳು ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿದ್ದಾರೆ. ಅರಬಿ-ಮಲಯಾಳ ಲಿಪಿಯಂತೂ ಪಕ್ಕದ ಮನೆಯದು.

ಕೆಲಸದ ಮಾತು: ಅರಬಿಗೆ ಕೇರಳದ ಶಾಲೆಗಳಲ್ಲಿ ಅಧ್ಯಾಪಕ ಹುದ್ದೆಗಳಿವೆ, ಪ್ರಾಥಮಿಕ ಹಂತಕ್ಕೆ ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ ಕೆ-ಟೆಟ್‌ನ ನಾಲ್ಕನೇ ವಿಭಾಗ ಪಾಸಾಗಬೇಕು. ಯುಜಿಸಿ ನೆಟ್‌ನಲ್ಲಿ ಅರಬಿ, ಪರ್ಷಿಯನ್, ಚೀನಿ, ಜಪಾನಿ ವಿಷಯಗಳಿವೆ. ಜಪಾನಿ ಅನುವಾದದ ಕೆಲಸಕ್ಕೆ ಎನ್5, ಎನ್4 ತೋರಿಸಿ ಪ್ರಯೋಜನವಿಲ್ಲ, ಅದಕ್ಕಿಂತ ಮೇಲಿನ ಹಂತವಾದ ಎನ್2 ಗುರಿಯಿಡಿ. ಜಪಾನ್ ಸರಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನದಲ್ಲಿ ಜಪಾನಿ ಓದುತ್ತಿರುವ ಪದವಿ ವಿದ್ಯಾರ್ಥಿಗಳಿಗೇ ಒಂದು ವಿಭಾಗವಿದೆ, ಕೊರಿಯಾಕ್ಕೆ ಜಿಕೆಎಸ್ ಇದೆ. ಇವಕ್ಕೆ ಅರ್ಜಿ ಹಾಕುವ ಯೋಚನೆಯಿದ್ದರೆ ಮೊದಲ ವರ್ಷದಲ್ಲೇ ಪಾಸ್‌ಪೋರ್ಟ್ ಮಾಡಿಸಿ, ಅಂಕಪಟ್ಟಿಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರಲಿ. ಇನಿಷಿಯಲ್ ಬಿಡಿಸಿ ಬರೆಯಬೇಕಾಗಿ ಬಂದರೆ, ಎರಡೂ ಹೆಸರು ಒಬ್ಬರದ್ದೇ ಎಂದು ಗ್ರಾಮ ಕಚೇರಿಯಿಂದ ಪ್ರಮಾಣಪತ್ರ ಪಡೆದು ಅಂಕಪಟ್ಟಿಯ ಜೊತೆಗೇ ಇಟ್ಟುಕೊಳ್ಳಿ.