ದನಕರುಗಳ ಗಾಯಕ್ಕೆ ಹುಳು ಬಿದ್ದಾಗ ಮಾಡಬೇಕಾದದ್ದು

ನಮ್ಮಲ್ಲಿ ದನಕರುಗಳ ಗಾಯಕ್ಕೆ ಹುಳು ಬೀಳಲು ಮುಖ್ಯ ಕಾರಣಗಳಲ್ಲಿ ಒಂದು ಕ್ರೈಸೋಮಿಯ ಬೆಜ್ಜಿಯಾನ ಎಂಬ, ನೀಲಿಹಸಿರು ಹೊಳಪಿನ ನೊಣ. ಕೊಳೆತದ್ದಕ್ಕೆ ಮುತ್ತುವ ಇತರ ನೊಣಗಳಂತಲ್ಲದೆ, ಇದರ ಮರಿಹುಳುಗಳು ಜೀವಂತ ಮಾಂಸವನ್ನೇ ತಿನ್ನುತ್ತವೆ. ಹೆಣ್ಣು ನೊಣವು ಗಾಯದ ಅಂಚಿನಲ್ಲಿ ಸುಮಾರು 100ರಿಂದ 250 ಮೊಟ್ಟೆಗಳನ್ನು ಇಡುತ್ತದೆ. ಅವು ಒಂದು ದಿನದೊಳಗೆ ಒಡೆದು, ಹೊರಬಂದ ಹುಳುಗಳು 5ರಿಂದ 7 ದಿನ ಮಾಂಸವನ್ನು ಕೊರೆದು, ಬಳಿಕ ನೆಲಕ್ಕೆ ಉದುರಿ ಮಣ್ಣಿನಲ್ಲಿ ಕೋಶಕಟ್ಟುತ್ತವೆ.

ಗಾಯದಿಂದ ರಕ್ತ ಬೆರೆತ ತೆಳು ದ್ರವ ಸೋರುವುದು, ದುರ್ವಾಸನೆ, ದನವು ಒಂದೇ ಜಾಗವನ್ನು ಮತ್ತೆ ಮತ್ತೆ ನೆಕ್ಕುವುದು ಮೊದಲ ಲಕ್ಷಣಗಳು. ಕರುವಿನ ಹೊಕ್ಕುಳು, ಕಾಲುಬಾಯಿ ಜ್ವರ ಬಂದ ದನದ ಗೊರಸಿನ ಸಂದು, ಮುರಿದ ಕೊಂಬಿನ ಬುಡ, ನೊಗ ಉಜ್ಜಿದ ಹೆಗಲು, ಚರ್ಮಗಂಟು ರೋಗದ ಒಡೆದ ಗಂಟುಗಳು, ನಾಯಿಯ ಕಿವಿ ಇವುಗಳನ್ನು ವಿಶೇಷವಾಗಿ ನೋಡಬೇಕು. ಹೊರಗೆ ಕಾಣುವ ರಂಧ್ರ ಚಿಕ್ಕದಿದ್ದರೂ ಒಳಗಿನ ಪೊಳ್ಳು ಬಹಳ ದೊಡ್ಡದಿರಬಹುದು.

ದನವನ್ನು ಭದ್ರವಾಗಿ ಕಟ್ಟಿ, ಕೈಗವಸು ಹಾಕಿಕೊಂಡು, ಗಾಯದ ಸುತ್ತಲಿನ ಕೂದಲನ್ನು ಕತ್ತರಿಸಿ. ಈ ಹುಳುಗಳು ತಲೆಯನ್ನು ಮಾಂಸದೊಳಗೆ ಹೂತು, ಹಿಂತುದಿಯನ್ನು ಹೊರಗಿಟ್ಟು ಅದರ ಮೂಲಕವೇ ಉಸಿರಾಡುತ್ತವೆ. ಆದ್ದರಿಂದ ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಗಾಯದ ಬಾಯಿಗೆ ಹತ್ತು ಹದಿನೈದು ನಿಮಿಷ ಒತ್ತಿಟ್ಟರೆ, ಉಸಿರುಕಟ್ಟಿ ಅವು ಮೇಲಕ್ಕೆ ಬರುತ್ತವೆ. ಆಗ ಚಿಮುಟದಿಂದ ಒಂದೊಂದನ್ನಾಗಿ, ತುಂಡಾಗದಂತೆ ತೆಗೆಯಬೇಕು. ಟರ್ಪೆಂಟೈನ್ ಜೀವಂತ ಮಾಂಸಕ್ಕೂ ಉರಿ ತರುವುದರಿಂದ ಬಟ್ಟೆಯನ್ನು ಒಳಗೇ ಬಿಡಬಾರದು. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಗಾಯಕ್ಕೆ ಸುರಿಯುವ ರೂಢಿಯನ್ನಂತೂ ಬಿಡಲೇಬೇಕು; ನೆಕ್ಕಿದ ದನಕ್ಕೂ ಹಾಲು ಕುಡಿದವರಿಗೂ ಅದು ವಿಷ.

ತೆಗೆದ ಹುಳುಗಳನ್ನು ಕೊಟ್ಟಿಗೆಯ ಮೂಲೆಗೆ ಎಸೆಯುವವರೇ ಹೆಚ್ಚು, ಮುಂದಿನ ಪೀಳಿಗೆಯ ನೊಣಗಳು ಅಲ್ಲಿಂದಲೇ ಏಳುತ್ತವೆ. ಅವುಗಳನ್ನು ಸೀಮೆಎಣ್ಣೆಗೋ ಕುದಿನೀರಿಗೋ ಹಾಕಿ ಕೊಲ್ಲಬೇಕು. ನಂತರ ಗಾಯವನ್ನು ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು, ಪೊವಿಡೋನ್ ಅಯೋಡಿನ್ ಎಂಬ ನಂಜುನಿವಾರಕ ಹಚ್ಚಿ, ಸುತ್ತಲಿನ ಚರ್ಮಕ್ಕೆ ಬೇವಿನ ಎಣ್ಣೆ ಸವರಬೇಕು. ಮೊದಲ ದಿನ ಸೀತಾಫಲದ ಎಲೆಯನ್ನು ಅರೆದು ತುಂಬುವುದು ಅಥವಾ ಕರ್ಪೂರ ಕರಗಿಸಿದ ಕೊಬ್ಬರಿ ಎಣ್ಣೆ ಹಚ್ಚುವುದೂ ಬಳಕೆಯಲ್ಲಿದೆ.

ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲಿಂದ ಮುಂದೆ. ಕಣ್ಣಿಗೆ ಕಂಡ ಹುಳುಗಳನ್ನು ತೆಗೆದೊಡನೆ ಗಾಯ ಶುದ್ಧವಾಯಿತೆಂದು ಬಿಟ್ಟರೆ, ಆಳದಲ್ಲಿ ಉಳಿದವೂ ಅಂಚಿನ ಮೊಟ್ಟೆಗಳಿಂದ ಹೊಸದಾಗಿ ಒಡೆದವೂ ಮತ್ತೆ ತಿನ್ನತೊಡಗುತ್ತವೆ. ಆದ್ದರಿಂದ ಗಾಯದ ತಳದಲ್ಲಿ ಕೆಂಪು ಹೊಸ ಮಾಂಸ ತುಂಬುವವರೆಗೆ ಪ್ರತಿದಿನವೂ ಬೆಳಕು ಹಿಡಿದು ನೋಡಿ, ಕಂಡರೆ ಮೊದಲಿನಂತೆಯೇ ತೆಗೆಯಬೇಕು. ಗಾಯವು ಕಣ್ಣು, ಕೆಚ್ಚಲು ಅಥವಾ ಎಳೆಗರುವಿನ ಹೊಕ್ಕುಳಿನಲ್ಲಿದ್ದರೆ, ಇಲ್ಲವೇ ದನ ಮೇವು ಬಿಟ್ಟಿದ್ದರೆ, ಪಶುವೈದ್ಯರನ್ನು ಕರೆಸಿ. ಸಹಾಯವಾಣಿ ಸಂಖ್ಯೆ 1962. ಹುಳು ಕೊಲ್ಲುವ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಪಶುವೈದ್ಯರೇ ತೂಕ ನೋಡಿ ಕೊಡಬೇಕು, ಏಕೆಂದರೆ ಅದರ ಅಂಶ ಹಾಲಿಗೆ ಇಳಿಯುತ್ತದೆ, ಕೆಲವು ತಳಿಯ ನಾಯಿಗಳಿಗಂತೂ ಅದು ಪ್ರಾಣಾಪಾಯ.

ಮನುಷ್ಯರಲ್ಲಿಯೂ ಈ ಹುಳು ಬೀಳುತ್ತದೆ. ಮಧುಮೇಹದ ಕಾಲುಹುಣ್ಣು, ಹಾಸಿಗೆ ಹಿಡಿದವರ ಬೆನ್ನಹುಣ್ಣು, ಸ್ಪರ್ಶಜ್ಞಾನವಿಲ್ಲದ ಪಾದದ ಗಾಯ ಇವುಗಳನ್ನು ಮನೆಯವರೇ ದಿನವೂ ಬಿಚ್ಚಿ ನೋಡಿ, ಮುಚ್ಚಿಡಬೇಕು. ಮೂಗಿನಲ್ಲಿ ಏನೋ ಹರಿದಾಡಿದಂತಾಗಿ ರಕ್ತವೂ ದುರ್ನಾತವೂ ಬಂದರೆ, ಮನೆಯಲ್ಲಿ ಯಾವ ಎಣ್ಣೆಯನ್ನೂ ಬಿಡದೆ ಅಂದೇ ಕಿವಿ, ಮೂಗು, ಗಂಟಲು ತಜ್ಞರಲ್ಲಿಗೆ ಹೋಗಬೇಕು. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳುವುದನ್ನೂ ಮರೆಯಬಾರದು.

ಕರು ಹುಟ್ಟಿದ ಕೂಡಲೇ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಬೀಜ ಒಡೆಯುವುದು, ಕೊಂಬು ಸುಡುವುದು, ಕಿವಿಯೋಲೆ ಹಾಕುವುದು ಮುಂತಾದವನ್ನು ನೊಣ ಕಡಿಮೆಯಿರುವ ಒಣ ಚಳಿಗಾಲಕ್ಕೆ ಇಟ್ಟುಕೊಳ್ಳಿ.