ಆರಾಮದ ಇಂಗ್ಲಿಷು ಜಗಲಿಯಲ್ಲಿ ಕುದುರಿದ್ದು

ಹೋಂಸ್ಟೇ ಹುಡುಗರಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವವರು ನಮ್ಮ ಜಿಲ್ಲೆಯಲ್ಲಿ ಈಗ ಕಮ್ಮಿಯಿಲ್ಲ. ಚೆಕ್‌ಇನ್, ಬಿಲ್ಲು, ಜೋಗದ ದಾರಿ, ಜಿಗಣೆ ಹತ್ತಿದರೆ ಏನು ಮಾಡಬೇಕು, ಇಷ್ಟನ್ನು ಎಲ್ಲರೂ ಕಲಿಸ್ತೇವೆ. ಬಂದವರನ್ನು ಹಾಯಾಗಿ ಕೂರಿಸುವ ಮಾತು ಒಂದನ್ನೇ ಹಿಡಿದು ಬೇರೆ ಬ್ಯಾಚ್ ಮಾಡ್ತೇನೆ ಅಂದಾಗ ಶಿವಮೊಗ್ಗದ ಟ್ಯೂಟರ್ ಗೆಳೆಯರು ನಕ್ಕಿದ್ದರು. "ರಿಲ್ಯಾಕ್ಸ್ ಅಂದ್ರೆ ಮುಗೀತಲ್ಲ ಮಾರಾಯ, ಅದಕ್ಕೆ ದುಡ್ಡು ಯಾರು ಕೊಡ್ತಾರೆ?" ಅಂತ. ಈಗ ಕೊಡ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ತೊಂದರೆ ಇದ್ದದ್ದು ಇಲ್ಲಿ. ಆರಿದ್ರಾ ಮಳೆಯಲ್ಲಿ ಆಗುಂಬೆ ಘಾಟಿ ಹತ್ತಿ, ಪೂರ್ತಿ ನೆಂದು, ಕಾರಿನಲ್ಲಿ ವಾಂತಿ ಮಾಡಿಕೊಂಡ ಮಗುವನ್ನು ಎತ್ತಿಕೊಂಡು ಒಂದು ಸಂಸಾರ ಬಂದು ನಿಲ್ಲುತ್ತದೆ. ನಮ್ಮ ಹುಡುಗನಿಗೆ ಕಾಳಜಿಯೇನೋ ಇದೆ, ಬಾಯಲ್ಲಿ ಬರುವುದು ಮಾತ್ರ "ಸಿಟ್ ಸರ್, ಸಿಟ್ ಮೇಡಂ." ಹಿಂದಿಂದೆ ಒಂದು ಪ್ಲೀಸ್ ಕೂಡ ಇಲ್ಲ. ಕುರ್ಚಿಯ ತುದಿಯಲ್ಲಿ ಕೂತ ಆ ಮನುಷ್ಯ ಊಟದ ಹೊತ್ತಾದರೂ ತುದಿ ಬಿಟ್ಟು ಹಿಂದಕ್ಕೆ ಒರಗುವುದಿಲ್ಲ.

ಮೊದಲಿಗೆ ಎಲ್ಲರೂ ಮಾಡುವ ಹಾಗೆ ಪಟ್ಟಿ ಮಾಡಿದೆ. ಅರವತ್ತರ ಹತ್ತಿರ ವಾಕ್ಯ, ದುರ್ಗಿಗುಡಿಯಲ್ಲಿ ಬಣ್ಣದ ಪ್ರಿಂಟು, ಮೇಲೆ ಲ್ಯಾಮಿನೇಶನ್. ನಾಲ್ಕು ಸಾವಿರದ ಮೇಲೇ ಹೋಯಿತು. ಹಾಳೆ ಅಡುಗೆಮನೆ ಗೋಡೆಯಲ್ಲಿ ಹೊಗೆ ಹಿಡಿಯಿತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಓದಿದವರೇ ಹೆಚ್ಚು ಕೆಡಿಸಿದರು. ಒಬ್ಬ, ಆಗತಾನೇ ಬಂದಿಳಿದ ಹೆಂಗಸಿಗೆ "ಲೆಟ್ ಯುವರ್ ಹೇರ್ ಡೌನ್, ಮೇಡಂ" ಅಂದ. ಸಂಕೋಚ ಬಿಟ್ಟು ಹಾಯಾಗಿರಿ ಅನ್ನುವ ನುಡಿಗಟ್ಟು, ಶಬ್ದಕ್ಕೆ ಶಬ್ದ ಹಿಡಿದರೆ ಕೂದಲು ಬಿಚ್ಚಿ ಅಂತ. ಆಕೆ ಕ್ಲಿಪ್ ಮುಟ್ಟಿ ನೋಡಿಕೊಂಡು ಗಂಡನ ಮುಖ ನೋಡಿದರು. ಇನ್ನೊಬ್ಬ ಬೆಂಗಳೂರಿನ ನಿವೃತ್ತ ಅಧಿಕಾರಿಯೊಬ್ಬರಿಗೆ "ಚಿಲ್, ಅಂಕಲ್" ಅಂದ. ಆ ಹೋಂಸ್ಟೇ ಮಾಲೀಕರು ಫೀಸಿನಲ್ಲಿ ಅರ್ಧ ಹಿಡಿದುಕೊಂಡು, "ಮಾಷ್ಟ್ರೇ, ಮೊದಲಿನ 'ಸಿಟ್ ಸರ್' ಅನ್ನೋದೇ ವಾಸಿಯಿತ್ತು" ಅಂದರು.

ಆಮೇಲೆ ಆಡಿಯೋ. ಬೆಂಗಳೂರಿನಲ್ಲಿ ದನಿ ಕೊಡುವವರನ್ನು ಹಿಡಿದು ರೆಕಾರ್ಡ್ ಮಾಡಿಸಿದೆ, ಏಳೋ ಎಂಟೋ ಸಾವಿರ. ಮಳೆಗಾಲದಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಇದ್ದಾಗ ಕೇಳಿದವರಿಗೂ ತಿಳಿಯಲಿಲ್ಲ. 'ಕಂಫರ್ಟೇಬಲ್' ಅಂತ ಟೇಬಲ್ಲನ್ನು ಒತ್ತಿ ಹೇಳಿ ರೂಢಿಯಾದ ಕಿವಿಗೆ 'ಕಂಫ್ಟಬಲ್' ಬೇರೆ ಯಾವುದೋ ಶಬ್ದವಾಗಿ ಕೇಳಿತು. ಆ ದುಡ್ಡಂತೂ ತುಂಗೆಯ ಪಾಲು.

ಕೆಲಸ ಮಾಡಿದ ದಾರಿ ಹೀಗೆ. ಪಟ್ಟಿ ಹರಿದು ಹನ್ನೆರಡು ಹದಿಮೂರು ಮಾತು ಉಳಿಸಿಕೊಂಡೆ. ಉಳಿಸುವಾಗ ಅರ್ಥ ನೋಡಲಿಲ್ಲ, ಯಾರ ಬಾಯಿಂದ ಬರುವ ಮಾತು ಅಂತ ನೋಡಿದೆ. ಮನೆಯವರು ಬಂದವರಿಗೆ ಹೇಳುವಂಥವು ಒಂದು ಗುಂಪು: ಮೇಕ್ ಯುವರ್‌ಸೆಲ್ಫ್ ಅಟ್ ಹೋಮ್, ಮೇಕ್ ಯುವರ್‌ಸೆಲ್ಫ್ ಕಂಫರ್ಟಬಲ್, ಟೇಕ್ ಯುವರ್ ಟೈಮ್, ದೇರ್ ಈಸ್ ನೋ ರಶ್. ಬಂದವರು ತಮ್ಮ ಬಗ್ಗೆ ಹೇಳಿಕೊಳ್ಳುವಂಥವು ಇನ್ನೊಂದು: ಐ ಫೀಲ್ ಅಟ್ ಹೋಮ್, ವಿ ಕೇಮ್ ಟು ಅನ್‌ವೈಂಡ್, ಐ ಜಸ್ಟ್ ವಾಂಟ್ ಟು ಸ್ವಿಚ್ ಆಫ್. ಇವು ಕಿವಿಗೆ ಮಾತ್ರ, ನಮ್ಮ ಹುಡುಗರು ಆಡಬೇಕಾಗಿಲ್ಲ. ತಲೆಗೆ ಬಿಡುವು ಬೇಕು ಅಂತ ಅವರು ಸ್ವಿಚ್ ಆಫ್ ಅಂದಾಗ ಲೈಟ್ ಆರಿಸಲು ಓಡದಿದ್ದರೆ ಸಾಕು. ಮೂರನೆಯದು ಗೆಳೆಯರೊಳಗಿನ ಮಾತು. ಚಿಲ್, ಚಿಲ್ಲಾಕ್ಸ್, ಕಿಕ್ ಬ್ಯಾಕ್, ಟೇಕ್ ಎ ಲೋಡ್ ಆಫ್ ಎಲ್ಲ ಅಲ್ಲಿಗೆ ಹೋದವು. ಗೆಸ್ಟ್ ಮುಂದೆ ಇವಕ್ಕೆ ಪ್ರವೇಶವಿಲ್ಲ. 'ಪುಟ್ ಯುವರ್ ಫೀಟ್ ಅಪ್' ಎಲ್ಲಿ ಹಾಕೋದು ಅಂತ ಬಹಳ ತಲೆ ಕೆಡಿಸಿಕೊಂಡೆ. ಎರಡನೇ ಸಲ ಬಂದ ಗೆಸ್ಟ್‌ಗೆ ಹೇಳಬಹುದು ಅಂತ ಕೊನೆಗೆ ಬಿಟ್ಟೆ.

ಒಂದನ್ನು ಮಾತ್ರ ಪೂರ್ತಿ ನಿಲ್ಲಿಸಿದೆ. ರೂಮಿನಲ್ಲಿ ನೀರು ಬರ್ತಿಲ್ಲ ಅಂತ ಸಿಟ್ಟಾದವರಿಗೆ ಬರೀ 'ರಿಲ್ಯಾಕ್ಸ್' ಅನ್ನುವುದು. 'ಕಾಮ್ ಡೌನ್' ಅದರ ಅಣ್ಣ. ಎರಡೂ ಉರಿಯುವ ಬೆಂಕಿಗೆ ತುಪ್ಪ. ಅಲ್ಲಿ ಹೇಳಬೇಕಾದ್ದು 'ಐ ವಿಲ್ ಸೀ ಟು ಇಟ್', ಹೇಳಿ ಪಂಪಿನ ಹತ್ತಿರ ಹೋಗಬೇಕು.

ಇನ್ನು ಕಲಿಸುವ ಜಾಗ. ಗೋಪಿ ಸರ್ಕಲ್ ಹತ್ತಿರದ ಬಾಡಿಗೆ ಹಾಲ್ ಬಿಟ್ಟು ಹೋಂಸ್ಟೇಗಳಿಗೇ ಹೋಗತೊಡಗಿದೆ. ಬಂದವರು ನಡೆಯುವ ದಾರಿಯೇ ಪಾಠದ ದಾರಿ. ಉಣಗೋಲು, ಅಂದರೆ ಗಳು ಸರಿಸುವ ಗೇಟು, ದಾಟಿದಲ್ಲಿ ಒಂದು ಮಾತು, ಜಗಲಿಯಲ್ಲಿ ಬೆಲ್ಲ ನೀರು ಕೊಡುವಾಗ ಒಂದು, ಬಚ್ಚಲುಮನೆಯ ಹಂಡೆ ಮುಂದೆ ನಿಂತು 'ಟೇಕ್ ಯುವರ್ ಟೈಮ್, ದೇರ್ ಈಸ್ ಪ್ಲೆಂಟಿ ಆಫ್ ಹಾಟ್ ವಾಟರ್'. ಒಲೆಗೆ ಸೌದೆ ತುರುಕುತ್ತಾ ಕಲಿತ ಆ ಮಾತನ್ನು ಒಬ್ಬನೂ ಮರೆತದ್ದು ನಾನು ಕಾಣೆ. ಆಮೇಲೆ ತಾಳಮದ್ದಲೆ ಕ್ರಮ, ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ ಹಾಗೆ. ಭಾಗವತನೂ ನಾನೇ, ಎದುರಾಳಿಯೂ ನಾನೇ. ನಾನು ಗೆಸ್ಟಾಗಿ ಒಂದು ಸಂದರ್ಭ ಎತ್ತುತ್ತೇನೆ, "ನಿಮ್ಮನ್ನು ತೊಂದರೆ ಮಾಡ್ತಿದ್ದೇನೇನೋ" ಅಂತ ಇಂಗ್ಲಿಷಿನಲ್ಲಿ ಸಂಕೋಚ ಪಡುತ್ತೇನೆ, ಅವರು ಅಲ್ಲೇ ಅರ್ಥ ಹೇಳಿ, ಅಂದರೆ ಆ ಕ್ಷಣಕ್ಕೇ ಮಾತು ಕಟ್ಟಿ, ನನ್ನನ್ನು ಕೂರಿಸಬೇಕು. ಬರೆದುಕೊಂಡು ಬಂದದ್ದು ನಡೆಯುವುದಿಲ್ಲ. ಈ ಆಟದ ನಿಯಮವನ್ನು ಮಲೆನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೊಸನಗರ ಕಡೆಯ ಒಬ್ಬ ಅಡುಗೆ ಭಟ್ಟರು, ಏಳನೇ ಕ್ಲಾಸು ಓದಿದವರು, ಡಿಗ್ರಿ ಹುಡುಗರನ್ನೆಲ್ಲ ಹಿಂದೆ ಹಾಕಿದರು. ಅವರು ಹಿಂದೆ ಯಕ್ಷಗಾನ ಮೇಳದ ಜೊತೆ ತಿರುಗಿದವರು.

'ರಿಲ್ಯಾಕ್ಸ್ಡ್' (ತಾನು ಹಾಯಾಗಿರುವುದು) ಮತ್ತು 'ರಿಲ್ಯಾಕ್ಸಿಂಗ್' (ಬೇರೆಯವರಿಗೆ ಹಾಯೆನಿಸುವುದು) ಎಲ್ಲ ಟ್ಯೂಟರ್‌ಗಳಿಗೂ ತಲೆನೋವು ಅಂತ ಗೊತ್ತು. "ಐ ಆಮ್ ವೆರಿ ರಿಲ್ಯಾಕ್ಸಿಂಗ್ ಸರ್" ಅನ್ನದವರು ಯಾರು? ನಾನು ಎರಡು ಅಡಿಕೆ ಇಟ್ಟುಕೊಂಡು, ಒಂದು ಸುಲಿದದ್ದು, ಒಂದು ಸುಲಿಯದ್ದು, ಹತ್ತು ನಿಮಿಷದಲ್ಲಿ ಸರಿ ಮಾಡ್ತೇನೆ. ಹೇಗೆ ಅಂತ ಬರೆಯುವುದಿಲ್ಲ. ಬ್ಯಾಚ್ ತುಂಬುವುದು ಅದರಿಂದಲೇ.

'ಅಟ್ ಈಸ್' ಸುಲಭವಾಗಿ ಕೂತಿತು. ಎನ್‌ಸಿಸಿ ಮಾಡಿದವರಿಗೆ ಸ್ಟ್ಯಾಂಡ್ ಅಟ್ ಈಸ್ ಮೈಯಲ್ಲೇ ಇರುತ್ತದೆ. ಎಲ್ಲರನ್ನೂ 'ಸಾವಧಾನ್' ಭಂಗಿಯಲ್ಲಿ ನೆಟ್ಟಗೆ ನಿಲ್ಲಿಸಿ, ಹಾಗೇ ಬಿಟ್ಟು, ಆರಾಮವಿಲ್ಲದ ಈ ಸ್ಥಿತಿಯೇ 'ಇಲ್ ಅಟ್ ಈಸ್' ಅಂದೆ. ಕಾಲು ನೋಯುವ ಹೊತ್ತಿಗೆ ಅರ್ಥವಾಗಿತ್ತು.

'ಸ್ನಗ್ ಆಸ್ ಎ ಬಗ್ ಇನ್ ಎ ರಗ್', ಕಂಬಳಿಯೊಳಗಿನ ಹುಳದಷ್ಟು ಬೆಚ್ಚಗೆ ಅನ್ನುವ ಮಾತು, ಮಾತ್ರ ನನ್ನ ಬಹಳ ದಿನದ ಆಸೆ. ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ಸತ್ತುಹೋದ ಸಾಕು ಅಳಿಲೊಂದಕ್ಕೆ ಚರಮಗೀತೆ ಬರೆಯುತ್ತಾ ಇದನ್ನು ಬಳಸಿದ್ದ. ಮಳೆ ರಾತ್ರಿ, ಕಂಬಳಿ, ಇದಕ್ಕಿಂತ ಒಳ್ಳೇ ಜೋಡಿ ಇದೆಯೇ ಅಂದುಕೊಂಡು ಹಾಸಿಗೆ ಕೋಣೆಯ ಪಾಠಕ್ಕೆ ಸೇರಿಸಿದೆ. ಒಬ್ಬಳು ಹುಡುಗಿ ಕೈಯೆತ್ತಿ, "ಸಾರ್, ಹಾಸಿಗೆ ಹತ್ತಿರ ನಿಂತು ಬಗ್ಗು ಅಂದ್ರೆ ತಿಗಣೆ ಇದೆ ಅಂದ್ಕೊಳಲ್ವಾ?" ಅಂದಳು. ಅಲ್ಲಿಗೆ ಅದು ಪಟ್ಟಿಯಿಂದ ಹೊರಗೆ. ಈಗ 'ಕೋಜಿ' ಸಾಕು ಅಂತ ಮಾಡಿದ್ದೇನೆ.

ಬೋರ್ಡಿನ ಕತೆಯೂ ಒಂದಿದೆ. ತೀರ್ಥಹಳ್ಳಿಯಿಂದ ಸಾಗರದ ತನಕ ದಾರಿಯುದ್ದಕ್ಕೂ 'ಹೋಮ್ಲಿ ಫುಡ್, ಹೋಮ್ಲಿ ಸ್ಟೇ'. ಬ್ರಿಟಿಷರಿಗೆ ಅದು ಸರಳ, ಬೆಚ್ಚಗಿನ ಮನೆಯಂಥದ್ದು. ಅಮೆರಿಕದವರು ಒಬ್ಬರನ್ನು ಹೋಮ್ಲಿ ಅಂದರೆ ನೋಡಲು ಚೆನ್ನಾಗಿಲ್ಲ ಅಂತ. ಮನೆಯಂಥದ್ದು ಅನ್ನಲು ಅವರು ಹೋಮಿ ಅಂತಾರೆ. ಹೀಗೆಯೇ ಬ್ರಿಟಿಷರ 'ಹೋಮ್ ಫ್ರಮ್ ಹೋಮ್' ಅಮೆರಿಕದಲ್ಲಿ 'ಹೋಮ್ ಅವೇ ಫ್ರಮ್ ಹೋಮ್'. ಒಬ್ಬ ಮಾಲೀಕರನ್ನು ಒಪ್ಪಿಸಿ 'ಹೋಮ್‌ಮೇಡ್ ಫುಡ್' ಅಂತ ಬರೆಸಿದೆ. ಫ್ಲೆಕ್ಸಿಗೆ ಸಾವಿರದೈನೂರೋ ಏನೋ ಅವರದೇ ಖರ್ಚು. ವ್ಯಾಪಾರದಲ್ಲಿ ಕಾಸಿನ ವ್ಯತ್ಯಾಸವಾಗಲಿಲ್ಲ. ಪಕ್ಕದವರು ಹೋಮ್ಲಿಯಲ್ಲೇ ಚೆನ್ನಾಗಿದ್ದಾರೆ. ಬರುವವರು ಹೆಚ್ಚಿನಂಶ ಬೆಂಗಳೂರಿನವರಲ್ಲವೇ, ಅವರ ಹತ್ತಿರ 'ಟೇಕ್ ರೆಸ್ಟ್' ಕೂಡ ನಡೆಯುತ್ತದೆ. ಹೊರದೇಶದವರು 'ಗೆಟ್ ಸಮ್ ರೆಸ್ಟ್' ಅಂತಾರೆ ಎಂದು ಒಮ್ಮೆ ಹೇಳಿ ಬಿಡ್ತೇನೆ, ತಿದ್ದುತ್ತಾ ಕೂರುವುದಿಲ್ಲ.

ಅಡಿಕೆ ಸುಲಿಗೆ ಸಮಯದಲ್ಲಿ ಒಂದು ಪ್ರಯೋಗ ಮಾಡಿದೆ. ರಾತ್ರಿ ಸುಲಿಯಲು ಕೂತ ಹೆಂಗಸರ ನಡುವೆ ಹೋಗಿ ಇದೇ ತಾಳಮದ್ದಲೆ ಹೂಡಿದೆ. ದುಡ್ಡು ಕೊಟ್ಟು ಕಲಿತ ಬ್ಯಾಚಿಗಿಂತ ಬೇಗ ಹಿಡಿದರು. ಕೈ ಕೆಲಸದಲ್ಲಿದ್ದಾಗ ಬಾಯಿಗೆ ನಾಚಿಕೆ ಇರುವುದಿಲ್ಲ ಅಂತ ನನ್ನ ಲೆಕ್ಕ. ಆದಾಯ ಅಂದರೆ ಕಡುಬು, ಕಾಫಿ. ಆದರೆ ಅಲ್ಲಿ ಕಂಡದ್ದನ್ನು ಬ್ಯಾಚಿಗೆ ತಂದೆ. ಈಗ ನನ್ನ ಪಾಠದಲ್ಲಿ ಯಾರೂ ಬರಿಗೈಯಲ್ಲಿ ಕೂರುವಂತಿಲ್ಲ, ಬೀನ್ಸ್ ಮುರಿಯಬೇಕು, ಇಲ್ಲವೇ ಬೆಡ್‌ಶೀಟ್ ಮಡಚಬೇಕು.

ಲೆಕ್ಕಕ್ಕೆ ಬಂದರೆ, ಹಾಲ್ ಬಾಡಿಗೆ ತಿಂಗಳಿಗೆ ಆರು ಸಾವಿರದ ಹತ್ತಿರ ಉಳಿಯಿತು, ಬೈಕಿನ ಪೆಟ್ರೋಲಿಗೆ ಅದರ ಅರ್ಧ ಹೋಯಿತು. ತಲೆಗೆ ಎರಡೂವರೆ ಸಾವಿರ ತಗೊಳ್ತೇನೆ, ಬ್ಯಾಚಿಗೆ ಎಂಟು ಹತ್ತು ಜನ, ಅದಕ್ಕಿಂತ ಜಾಸ್ತಿಯಾದರೆ ಜಗಲಿ ಸಾಲದು. ಅರ್ಧ ಫೀಸು ಹಿಡಿದುಕೊಂಡ ಆ ಮಾಲೀಕರೇ ಈ ವರ್ಷ ಫೋನ್ ಮಾಡಿ ಕರೆದರು. ಹೋದೆ. ಹಳೇ ಬಾಕಿಯನ್ನೂ ಸೇರಿಸಿ ವಸೂಲಿ ಮಾಡಿದೆ.

ಐವತ್ತು ದಾಟಿದ ಮನೆಯೊಡತಿಯರಿಗೆ ಮಾತ್ರ ಇದು ಬೇಡ. ಅವರು "ಆಸರಿಗೆ ಬೇಕಾ, ಕೂತ್ಕೊಳಿ" ಅಂತ ಕನ್ನಡದಲ್ಲೇ ಅಂದು ಲೋಟ ಮುಂದಿಟ್ಟರೆ ಯಾವ ದೇಶದವರೂ ಕುರ್ಚಿಗೆ ಬೆನ್ನು ಕೊಡ್ತಾರೆ. ಅಂಥವರಿಂದ ನಾನು ಫೀಸು ತಗೊಳ್ಳಲ್ಲ, ಪಾಠದಲ್ಲಿ ಗೆಸ್ಟಿನ ಪಾತ್ರ ಕೊಡ್ತೇನೆ. ಮುಂದಿನ ಬ್ಯಾಚು ಅಡಿಕೆ ಸುಲಿಗೆ ಮುಗಿದ ಮೇಲೆ, ಸಾಗರದ ಕಡೆ. ಚಿಲ್ಲಾಕ್ಸ್ ಕಲಿಯಬೇಕೆನ್ನುವವರು ಶಿವಮೊಗ್ಗದ ಗೆಳೆಯರ ಹತ್ತಿರ ಹೋಗಬಹುದು.